ಮೇಲ್ಸೇತುವೆಯ ಕೆಳಗಿನ ಊರುಗಳು

ಮಂಗಳೂರಿನಿಂದ ಬೆಂಗಳೂರಿನ ದಿಕ್ಕಿಗೆ ಸುಮಾರು 30 ಕಿ.ಮೀ. ಸಾಗಿದರೆ ಕಲ್ಲಡ್ಕ ಸಿಗುತ್ತದೆ. ಸಿಗುತ್ತಿತ್ತು ಎನ್ನಬೇಕೋ ಏನೋ. 2025ರಲ್ಲಿ ಇಲ್ಲಿ ಎರಡು ಕಿ.ಮೀ.ಗೂ ಮಿಕ್ಕಿದ ಉದ್ದದ ಮೇಲ್ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರಿಗೆ ಕಲ್ಲಡ್ಕವೀಗ ಒಂದೂವರೆ ನಿಮಿಷದ ಊರು. ಕಾಣಿಸುವುದು ಕಾಂಕ್ರೀಟಿನ ತಡೆಗೋಡೆ, ಅದರಾಚೆ ಒಂದಿಷ್ಟು ಹೆಂಚಿನ ಮಾಡುಗಳು, ತೆಂಗಿನ ತಲೆಗಳು. ಊರು ಕೆಳಗೆ ಉಳಿಯಿತು.

ಕಲ್ಲಡ್ಕದ ಜನರಿಗೆ ಈ ಸೇತುವೆ ಬೇಡವಾಗಿತ್ತು ಎಂದು ಯಾರೂ ಭಾವಿಸಬಾರದು. ಘಾಟಿ ಇಳಿದು ಬರುವ ಟ್ಯಾಂಕರುಗಳ ಸಾಲಿನ ನಡುವೆ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದ ಶಾಲಾ ಮಕ್ಕಳನ್ನು ನೋಡಿದವರಿಗೆ ಅದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಮಗಾರಿ ನಡೆದ ವರ್ಷಗಳಲ್ಲಿ ಮಳೆಗಾಲದಲ್ಲಿ ಕೆಸರನ್ನೂ ಬೇಸಗೆಯಲ್ಲಿ ಧೂಳನ್ನೂ ಉಂಡವರು ಅವರೇ. ನನ್ನ ಪ್ರಶ್ನೆ ಬೇರೆ. ದಾರಿಹೋಕನ ಕಣ್ಣಿಗೆ ಬೀಳುವುದರಿಂದಲೇ ಬದುಕಿಕೊಂಡು ಬಂದ ಒಂದು ಪುಟ್ಟ ಪೇಟೆ, ದಾರಿಯೇ ತಲೆಯ ಮೇಲಿನಿಂದ ಹಾದುಹೋದಾಗ ಏನು ಮಾಡಬೇಕು?

ಕಲ್ಲಡ್ಕವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೆ.ಟಿ., ಅಂದರೆ ಕಲ್ಲಡ್ಕ ಟೀ. ಗಾಜಿನ ಲೋಟದ ತಳದಲ್ಲಿ ಬೆಳ್ಳಗೆ ಹಾಲು, ಅದರ ಮೇಲೆ ಕಂದು ಬಣ್ಣದ ಡಿಕಾಕ್ಷನ್. ಎರಡೂ ಬೆರೆಯದೆ ಗೆರೆ ಎಳೆದಂತೆ ನಿಂತಿರುತ್ತವೆ. ಇದರಲ್ಲಿ ಮಂತ್ರವಿಲ್ಲ. ಸಕ್ಕರೆ ಕರಗಿದ ಹಾಲು ಭಾರ, ಡಿಕಾಕ್ಷನ್ ಹಗುರ. ಚಮಚದ ಮೇಲಿಂದ ಮೆಲ್ಲನೆ ಹೊಯ್ದರೆ ಅದು ತೇಲುತ್ತದೆ. ಮಂತ್ರವಿಲ್ಲದಿದ್ದರೂ ಕೈಗುಣ ಬೇಕು. ಮನೆಯಲ್ಲಿ ಪ್ರಯತ್ನಿಸಿದವರಿಗೆ ಅದು ಗೊತ್ತು. ದಶಕಗಳ ಹಿಂದೆ ಲಕ್ಷ್ಮೀ ನಿವಾಸ ಎಂಬ ಸಾಧಾರಣ ಹೋಟೆಲಿನಲ್ಲಿ ಹುಟ್ಟಿದ ಈ ಚಹಾ ಇವತ್ತು ಮಂಗಳೂರಿನ ಗಲ್ಲಿಗಳಲ್ಲೂ ಬೆಂಗಳೂರಿನ ಕರಾವಳಿ ಹೋಟೆಲುಗಳಲ್ಲೂ ಸಿಗುತ್ತದೆ. ಅದನ್ನು ಕಲಕಿ ಕುಡಿಯಬೇಕೋ ಕಲಕದೆಯೋ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ. ನಾನು ಕಲಕದವರ ಪಕ್ಷ. ಮೊದಲು ಒಗರು, ನಡುವೆ ಚಹಾ, ಕೊನೆಗೆ ಸಿಹಿ ಹಾಲು; ಒಂದು ಲೋಟದಲ್ಲಿ ಮೂರು ರುಚಿ ಸಿಗುವಾಗ ಚಮಚ ಆಡಿಸಿ ಎಲ್ಲವನ್ನೂ ಒಂದೇ ಮಾಡುವ ಆತುರ ಯಾಕೆ?

ಈ ಯೋಚನೆಗಳೆಲ್ಲ ತಲೆಗೆ ಹತ್ತಲು ಕಾರಣ ನನ್ನ ತಂಗಿಯ ಮಗ. ಕಳೆದ ಚಳಿಗಾಲದಲ್ಲಿ ಆತ ಬೆಂಗಳೂರಿನಲ್ಲಿ ಒಂದು ಕಾರವಾನನ್ನು ಬಾಡಿಗೆಗೆ ಹಿಡಿದು, ಹೆಂಡತಿ ಮತ್ತು ಎಂಟು ವರ್ಷದ ಮಗಳೊಂದಿಗೆ ಶಿರಾಡಿ ಇಳಿದು ಬಂದ. ಮಲಗಲು ಮಂಚ, ಒಲೆ, ಪುಟ್ಟ ಫ್ರಿಜ್ಜು, ಶೌಚಾಲಯ ಎಲ್ಲವೂ ಇರುವ ಚಕ್ರದ ಮೇಲಿನ ಮನೆ. "ಮಾವ, ದಾರಿ ತೋರಿಸಲಿಕ್ಕೆ ನೀವು ಬರಲೇಬೇಕು" ಎಂದು ನನ್ನನ್ನೂ ಹತ್ತಿಸಿಕೊಂಡ. ನಾಲ್ಕು ದಿನ, ಉಪ್ಪಿನಂಗಡಿಯಿಂದ ಮೂಲ್ಕಿಯವರೆಗೆ, ಮತ್ತೆ ಅಲ್ಲಿಂದ ತಿರುಗಿ ಕುಂಬಳೆಯವರೆಗೆ ಸುತ್ತಿದೆವು. ಜೀವಮಾನವಿಡೀ ಬಸ್ಸಿನಲ್ಲಿ ಓಡಾಡಿದ ದಾರಿಗಳೇ. ಆದರೆ ಬಸ್ಸು ನಿಲ್ಲುವ ಕಡೆ ನಾವು ಇಳಿಯುವುದಕ್ಕೂ, ನಮಗೆ ಬೇಕಾದ ಕಡೆ ಮನೆಯನ್ನೇ ನಿಲ್ಲಿಸುವುದಕ್ಕೂ ಅಜಗಜಾಂತರ.

ಪರದೇಶಗಳಲ್ಲಿ ಇದು ಹೊಸತಲ್ಲ. ನಮ್ಮ ಕರಾವಳಿಗೂ ಪೂರ್ತಿ ಹೊಸತಲ್ಲ. 1960–70ರ ದಶಕಗಳಲ್ಲಿ ಯುರೋಪಿನ ತರುಣರು ಹಳೆಯ ವ್ಯಾನುಗಳಲ್ಲಿ ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬರುತ್ತಿದ್ದರು. ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ, ಎರಡೂ 1979ರಲ್ಲೇ ನಡೆದು ಆ ದಾರಿ ಮುರಿದುಬಿತ್ತು. ಆದರೂ ಗೋವಾ, ಗೋಕರ್ಣ ಮುಗಿಸಿ ಕೇರಳಕ್ಕೆ ಇಳಿಯುವ ವಿದೇಶಿ ನಂಬರಿನ ಭಾರೀ ಗಾಡಿಯೊಂದು ಆಗೀಗ ನಮ್ಮ ಹೆದ್ದಾರಿಯಲ್ಲಿ ಕಾಣಿಸುವುದುಂಟು. ಈಗ ನಮ್ಮವರೇ ಹೊರಟಿದ್ದಾರೆ. ಕೇರಳ ಸರಕಾರ 2021ರಲ್ಲಿ ಇದಕ್ಕೆಂದೇ ನೀತಿಯನ್ನು ಪ್ರಕಟಿಸಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕಾರವಾನ್ ಪಾರ್ಕ್ ತೆರೆಯಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಕಾರವಾನ್ ಎಂಬ ಪದ ಇದೆ. ಪದ ಇದೆ, ಎಂಬಲ್ಲಿಗೆ ನಿಲ್ಲಿಸುತ್ತೇನೆ. ನಾವು ಸುತ್ತಿದ ನಾಲ್ಕು ದಿನಗಳಲ್ಲಿ ಅದರ ಗುರುತು ದಾರಿಯಲ್ಲಿ ಕಣ್ಣಿಗೆ ಬೀಳಲಿಲ್ಲ.

ಅಮೆರಿಕದಲ್ಲಿ 'ರೂಟ್ 66' ಎಂಬ ರಸ್ತೆಯಿತ್ತು. 1926ರಲ್ಲಿ ಶಿಕಾಗೋದಿಂದ ಪಶ್ಚಿಮದ ಕಡಲಿನವರೆಗೆ ಗುರುತಿಸಲಾದ ಈ ಹೆದ್ದಾರಿಯ ಬದಿಯ ನೂರಾರು ಚಿಕ್ಕ ಊರುಗಳು ಪ್ರಯಾಣಿಕರಿಂದಲೇ ಬದುಕಿದ್ದವು. ಅಂತಾರಾಜ್ಯ ಹೆದ್ದಾರಿಗಳು ಊರುಗಳನ್ನು ಬದಿಗೊತ್ತಿ ಸಾಗಿದ ಮೇಲೆ, 1985ರಲ್ಲಿ ಆ ರಸ್ತೆಯ ಸಂಖ್ಯೆಯನ್ನೇ ಅಧಿಕೃತವಾಗಿ ರದ್ದುಪಡಿಸಿದರು. ಆ ರಸ್ತೆಯುದ್ದಕ್ಕೂ ನಿಲ್ಲದೆ ಹೋಗುವವರನ್ನು ನಿಲ್ಲಿಸಲು ಏನೆಲ್ಲ ಸೋಜಿಗಗಳು ಹುಟ್ಟಿಕೊಂಡಿದ್ದವು! ಒಕ್ಲಹೋಮಾದ ಕಟೂಸಾದಲ್ಲಿ ಕೊಳದ ಬದಿಗೆ ಕಾಂಕ್ರೀಟಿನ ನೀಲಿ ತಿಮಿಂಗಿಲವಿದೆ. ಟೆಕ್ಸಾಸಿನ ಅಮರಿಲ್ಲೊ ಬಳಿ 1974ರಲ್ಲಿ ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗಾಗಿ ಹೊಲದಲ್ಲಿ ಹೂತರು. ಜನ ಇಂದಿಗೂ ಗಾಡಿ ನಿಲ್ಲಿಸಿ ಅದನ್ನು ನೋಡುತ್ತಾರೆ.

ನಮ್ಮ ಊರುಗಳಿಗೆ ಆ ಕಷ್ಟವಿಲ್ಲ. ಇಲ್ಲಿಯ ಸೋಜಿಗಗಳು ಯಾವ ಪ್ರವಾಸಿಗನಿಗಾಗಿಯೂ ಹುಟ್ಟಿದವಲ್ಲ. ಅವು ಭಕ್ತಿಯಿಂದ, ವ್ಯಾಪಾರದಿಂದ, ಹೊಟ್ಟೆಪಾಡಿನಿಂದ, ಒಮ್ಮೊಮ್ಮೆ ಬರೀ ಹಟದಿಂದ ಹುಟ್ಟಿದವು.

ಮೂಡುಬಿದಿರೆಯನ್ನೇ ನೋಡಿ. 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಗೆ ಬಂದವರೆಲ್ಲ ಕಂಬಗಳನ್ನು ಎಣಿಸಲು ಹೊರಡುತ್ತಾರೆ, ಒಂದರಂತೆ ಇನ್ನೊಂದಿಲ್ಲವೆಂದು ಬೆರಗಾಗುತ್ತಾರೆ, ಹೊರಡುತ್ತಾರೆ. ಬಗ್ಗಿ ಪೀಠದ ಭಾಗವನ್ನು ನೋಡುವವರು ಕಡಿಮೆ. ಅಲ್ಲಿ ಒಂದು ಜಿರಾಫೆ ಇದೆ, ಒಂದು ಚೀನೀ ಡ್ರ್ಯಾಗನ್ ಇದೆ. ಕರಾವಳಿಯ ಕಾಳುಮೆಣಸಿಗಾಗಿ ಹಾಯಿಹಡಗುಗಳು ಬರುತ್ತಿದ್ದ ಕಾಲದ ಶಿಲ್ಪಿಯೊಬ್ಬ, ತಾನು ಕಂಡದ್ದನ್ನೋ ಯಾರಿಂದಲೋ ಕೇಳಿದ್ದನ್ನೋ ಕಲ್ಲಿನಲ್ಲಿ ಕೊರೆದಿಟ್ಟ. ನಮ್ಮ ಪುಟ್ಟಿ ಕಂಬಗಳ ಗೊಡವೆಗೇ ಹೋಗಲಿಲ್ಲ. ಜಿರಾಫೆಯ ಮುಂದೆ ಕುಳಿತವಳು ಅರ್ಧ ಗಂಟೆ ಏಳಲಿಲ್ಲ. ಜೈನ ಸಿದ್ಧಾಂತದ ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರೂ ಇದೇ. ಮಂಗಳೂರು–ಕಾರ್ಕಳ ಹೆದ್ದಾರಿಯ ಚತುಷ್ಪಥ ಕಾಮಗಾರಿಯಲ್ಲಿ ಹೊಸ ದಾರಿ ಪೇಟೆಯನ್ನು ಬಳಸಿಕೊಂಡು ಹೋಗುತ್ತದೆ. ಕಾರ್ಕಳದ ಗೊಮ್ಮಟ ಗುಡ್ಡದ ಮೇಲಿರುವುದರಿಂದ ಅವನಿಗೆ ಚಿಂತೆಯಿಲ್ಲ, ಯಾವ ರಸ್ತೆಯವರಿಗೂ ಕಾಣುತ್ತಾನೆ. ಬಸದಿಯ ಪೀಠದಲ್ಲಿ ಅಡಗಿರುವ ಜಿರಾಫೆಗೆ ಆ ಅನುಕೂಲವಿಲ್ಲ.

ಬಿ.ಸಿ. ರೋಡಿನ ಕಥೆ ಇನ್ನೂ ಸ್ವಾರಸ್ಯಕರ. ಹೆಸರಿನ ಅರ್ಥವೇ ಬಂಟ್ವಾಳ ಕ್ರಾಸ್ ರೋಡ್. ಅಂದರೆ ಊರಿಗೆ ಸ್ವಂತ ಹೆಸರೂ ಇಲ್ಲ. ನೇತ್ರಾವತಿಯಲ್ಲಿ ಮಂಗಳೂರಿನಿಂದ ದೋಣಿಗಳು ಬಂದು ಸರಕು ಇಳಿಸುತ್ತಿದ್ದ ಕಾಲದಲ್ಲಿ ಬಂಟ್ವಾಳ ಪೇಟೆ ದೊಡ್ಡ ವ್ಯಾಪಾರ ಸ್ಥಳ. ಘಾಟಿಯ ಮೇಲಿನ ಸರಕು ಇಲ್ಲಿಗೆ ಬಂದು ದೋಣಿ ಹತ್ತುತ್ತಿತ್ತು. ದೋಣಿ ಹೋಗಿ ಲಾರಿ ಬಂತು. 1974ರ ನೆರೆ ಪೇಟೆಯನ್ನು ಮುಳುಗಿಸಿತು. ಬಸ್ಸು ತಿರುಗುವ ಅಡ್ಡರಸ್ತೆಯೇ ಬೆಳೆದು ಪೇಟೆಯಾಯಿತು. ದಾರಿ ಬದಲಾದಾಗ ಒಂದು ಊರು ಬಾಡುತ್ತದೆ, ಇನ್ನೊಂದು ಚಿಗುರುತ್ತದೆ ಎಂದು ವಾದಿಸುವವರಿಗೆ ಇದು ಒಳ್ಳೆಯ ಉದಾಹರಣೆ. ಅವರ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಅಂದು ದಾರಿ ಸರಿದದ್ದು ನೆಲದ ಮೇಲೆಯೇ. ಅಡ್ಡರಸ್ತೆಯಲ್ಲಿ ಬಸ್ಸಿಗೆ ಕಾಯುವವನು ಒಂದು ಚಾ ಕುಡಿಯುತ್ತಿದ್ದ, ಒಂದು ಕಟ್ಟು ಬೀಡಿ ಕೊಳ್ಳುತ್ತಿದ್ದ, ಅದರಿಂದ ಅಂಗಡಿ ಬೆಳೆಯಿತು. ಮೇಲ್ಸೇತುವೆಯ ಮೇಲೆ ಅಂಗಡಿ ಬೆಳೆಯುವುದಿಲ್ಲ. ಇದೇ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ನಮ್ಮ ಅಜ್ಜಿಯಂದಿರ ಅಡುಗೆಮನೆ, ಹಟ್ಟಿ, ಗದ್ದೆಗಳಿಂದ ಮಾಯವಾದ ಸಾಮಾನುಗಳೆಲ್ಲ ಅಲ್ಲಿ ಸಾಲಾಗಿ ಕುಳಿತಿವೆ. ಹೆದ್ದಾರಿಯಲ್ಲಿ ದಿನವೂ ಹಾದುಹೋಗುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

ಉಪ್ಪಿನಂಗಡಿಯಲ್ಲಿ ನೇತ್ರಾವತಿ–ಕುಮಾರಧಾರಾ ಸಂಗಮ. ಬೇಸಗೆಯಲ್ಲಿ ನದಿಯ ಮರಳಿನ ನಡುವಿನ ಲಿಂಗಕ್ಕೆ ಪೂಜೆ, ಮಖೆ ಜಾತ್ರೆ. ಮಳೆಗಾಲದಲ್ಲಿ ಎರಡೂ ನದಿಗಳು ಉಕ್ಕಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಕೂಡಿಕೊಂಡರೆ, ಗಂಗಾಪೂಜೆಗೆ ಹೊತ್ತುಗೊತ್ತಿನ ಕಟ್ಟುಪಾಡಿಲ್ಲ. ದೇವರ ಅಂಗಳಕ್ಕೆ ಬಂದ ನೀರನ್ನು ಅತಿಥಿಯಂತೆ ಬರಮಾಡಿಕೊಳ್ಳುವ ಇಂಥ ಊರನ್ನು ಯಾವ ಪ್ರವಾಸಿ ಕೈಪಿಡಿ ಎರಡು ಸಾಲಿಗಿಂತ ಹೆಚ್ಚು ಬರೆದೀತು? ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವನ್ನು ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ. ಧರ್ಮಸ್ಥಳದಲ್ಲಿ ದೇವರ ದರ್ಶನ ಮುಗಿಸಿದವರು ಹಳೆಯ ಕಾರುಗಳ ಸಂಗ್ರಹವನ್ನು ಬಿಟ್ಟು ಬರಬಾರದೆಂದಷ್ಟೇ ಹೇಳುತ್ತೇನೆ.

ಇಲ್ಲೊಂದು ಚಿಕ್ಕ ಎಚ್ಚರಿಕೆ. ಘಟ್ಟದ ಮೇಲಿನಿಂದ ಬಂದವರು ರಸ್ತೆ ಬದಿಯಲ್ಲಿ 'ಬೊಂಡ' ಎಂಬ ಫಲಕ ಕಂಡು, ಬಿಸಿ ಎಣ್ಣೆಯ ತಿಂಡಿ ನೆನೆದು ಗಾಡಿ ನಿಲ್ಲಿಸಿದರೆ ಕೈಗೆ ಬರುವುದು ಎಳನೀರು. ತುಳುವಿನಲ್ಲಿ ಬೊಂಡವೆಂದರೆ ಅದೇ. ನಮ್ಮ ಹುಡುಗನ ಹೆಂಡತಿ, ಹಾಸನದ ಕಡೆಯವಳು, "ನಾಲ್ಕು ಪ್ಲೇಟು" ಎಂದಳು. ಅಂಗಡಿಯಾತ ಗಂಭೀರವಾಗಿ ನಾಲ್ಕು ಕಾಯಿ ಕೆತ್ತಿ ಕೊಟ್ಟ. ಈ ಬಗೆಯ ಗೊಂದಲ ಅವನಿಗೆ ಹೊಸತಲ್ಲವೆಂದು ಮುಖವೇ ಹೇಳುತ್ತಿತ್ತು.

ಮೂಲ್ಕಿಯಲ್ಲಿ ಕಾರವಾನನ್ನು ಒಂದು ಇಡೀ ದಿನ ನಿಲ್ಲಿಸಿದೆವು. ಹೆದ್ದಾರಿಗೆ ಅಂಟಿಕೊಂಡಂತೆಯೇ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ನದಿಯಲ್ಲಿ ತಡೆದು ನಿಂತದ್ದು, ನೀರು ಕೆಂಪಾದದ್ದು, ದೇವಿಯ ಅಪ್ಪಣೆಯಂತೆ ಆತ ಮೂಲ್ಕಿಯ ಸಾವಂತ ಅರಸರ ನೆರವಿನಿಂದ ಗುಡಿ ಕಟ್ಟಿಸಿದ್ದು ಇಲ್ಲಿಯ ಐತಿಹ್ಯ. ಊರಿನ ಹೆಸರಿನಲ್ಲೇ ಬಪ್ಪ ಇದ್ದಾನೆ. ಜಾತ್ರೆಯಲ್ಲಿ ಆತನ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುವ ವಾಡಿಕೆ ನಡೆದುಬಂದಿದೆ. ಪೊಳಲಿಗೆ ಚೆಂಡು ಹೇಗೋ ಬಪ್ಪನಾಡಿಗೆ ಡೋಲು ಹಾಗೆ. ಈಚಿನ ವರ್ಷಗಳಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಯಾರು ಅಂಗಡಿ ಇಡಬಹುದು, ಯಾರು ಇಡಬಾರದು ಎಂಬ ತಕರಾರು ಎದ್ದದ್ದನ್ನು ನಾವೆಲ್ಲ ಓದಿದ್ದೇವೆ. ಆ ತಕರಾರು ಎತ್ತುವವರು ಇಲ್ಲೊಮ್ಮೆ ಗಾಡಿ ನಿಲ್ಲಿಸಿ ಗುಡಿಯ ಹೆಸರನ್ನು ಗಟ್ಟಿಯಾಗಿ ಓದಲಿ ಎಂಬುದು ನನ್ನ ಆಸೆ.

ಅದೇ ಮೂಲ್ಕಿಯಿಂದ ಕಡಲ ಕಡೆಗೆ ತುಸು ಸರಿದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಹುಡುಗರು. ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಮೀನುಗಾರರ ಮನೆಯ ಮಕ್ಕಳು ಇಲ್ಲಿ ಸರ್ಫಿಂಗ್ ಪಟುಗಳಾಗಿದ್ದಾರೆ. ಇನ್ನಷ್ಟು ಉತ್ತರಕ್ಕೆ ಹೋದರೆ ಪಡುಬಿದ್ರಿ. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಿದೆ. ಅದೂ ಆಚೆ 1901ರ ಕಾಪು ದೀಪಸ್ತಂಭ. ಇವೆಲ್ಲ ಹೆಸರಾದ ಜಾಗಗಳು, ನನ್ನ ಶಿಫಾರಸು ಬೇಕಾಗಿಲ್ಲ.

ಇನ್ನು ರಾತ್ರಿಯ ಮಾತು. ಹಗಲಲ್ಲಿ ಎಲ್ಲಿಯೂ ನಿಲ್ಲಬಹುದು; ಕತ್ತಲಾದ ಮೇಲೆ ಕಾರವಾನು ಅನುಮಾನದ ವಸ್ತು. ಒಂದು ಊರಿನ ಸಾರ್ವಜನಿಕ ಮೈದಾನದಲ್ಲಿ ನಿಲ್ಲಿಸಿದ್ದಾಗ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೆಳಕು ಬಿಟ್ಟು ನಮ್ಮನ್ನು ಎಬ್ಬಿಸಿದರು. ಯಾರು, ಎಲ್ಲಿಂದ, ಒಳಗೆ ಎಷ್ಟು ಜನ, ಯಾಕೆ ಲಾಡ್ಜಿಗೆ ಹೋಗಬಾರದು ಎಂಬ ಪ್ರಶ್ನೆಗಳು. ನನ್ನ ತುಳು ಕೇಳಿದ ಮೇಲೆ ಸ್ವರ ಮೆತ್ತಗಾಯಿತು, ಆದರೆ ಹೊರಡಲೇಬೇಕಾಯಿತು. ಆ ರಾತ್ರಿ ಕಳೆದದ್ದು ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಮೀನು ಲಾರಿಗಳ ನಡುವೆ. ಬಂಕಿನ ಹುಡುಗರು ನೀರು ಕೊಟ್ಟರು, ಬೆಳಗ್ಗೆ ಒಳ್ಳೆಯ ಹೋಟೆಲಿನ ದಾರಿ ತೋರಿಸಿದರು. ಅಲ್ಲಿ ಸಜ್ಜಿಗೆ–ಬಜಿಲು ಸಿಕ್ಕಿತು. ಗಾಡಿಯ ಶೌಚದ ಟ್ಯಾಂಕನ್ನು ಎಲ್ಲಿ ಬರಿದು ಮಾಡುವುದೆಂಬ ಪ್ರಶ್ನೆಗೆ ಮಾತ್ರ ಅವರ ಬಳಿಯೂ ಉತ್ತರವಿರಲಿಲ್ಲ. ಇದು ನಗುವ ವಿಷಯವಲ್ಲ. ವ್ಯವಸ್ಥೆಯಿಲ್ಲದೆ ಗಾಡಿಗಳು ಹೆಚ್ಚಿದರೆ ಅದು ಹೋಗಿ ಸೇರುವುದು ನಮ್ಮ ತೋಡುಗಳಿಗೆ, ಅಲ್ಲಿಂದ ನೇತ್ರಾವತಿಗೆ. ಮಂಗಳೂರು ಕುಡಿಯುವ ನೀರು ಅದೇ ನೇತ್ರಾವತಿಯದು.

ಊರೂರು ಅಲೆದು ರಾತ್ರಿ ಕಳೆಯುವವರನ್ನು ಅನುಮಾನದಿಂದ ನೋಡುವುದು ತುಳುನಾಡಿನ ಗುಣವಲ್ಲ. ಯಕ್ಷಗಾನ ಮೇಳಗಳು ಮಾಡಿಕೊಂಡು ಬಂದದ್ದು ಇನ್ನೇನು? ಮಳೆಗಾಲ ಕಳೆದು ಹೊರಟ ಮೇಳ, ಬೇಶ ತಿಂಗಳ ಹತ್ತನೇ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ತಿರುಗಾಟದಲ್ಲಿಯೇ ಇರುತ್ತದೆ. ಲಾರಿಯಲ್ಲಿ ಪೆಟ್ಟಿಗೆ, ರಂಗಸ್ಥಳದ ಸಾಮಾನು, ಬಸ್ಸಿನಲ್ಲಿ ಕಲಾವಿದರು. ಇಂದು ಒಂದು ಊರಿನ ಗದ್ದೆ, ನಾಳೆ ಇನ್ನೊಂದು ಊರಿನ ಶಾಲೆಯ ಬಯಲು. ಚೌಕಿಗೆ ಜಾಗ, ನೀರು, ಊಟ, ಹಗಲು ಮಲಗಲು ಒಂದು ಚಾವಡಿ, ಎಲ್ಲವನ್ನೂ ಆಟ ಆಡಿಸುವ ಸೇವಾಕರ್ತರು ಮತ್ತು ಊರವರು ಒದಗಿಸುತ್ತಿದ್ದರು. ಕಾಲಮಿತಿಯ ಪ್ರದರ್ಶನ ಬಂದ ಮೇಲೆ ಹಲವು ಕಲಾವಿದರು ಮಧ್ಯರಾತ್ರಿಗೆ ಬೈಕು ಹತ್ತಿ ಮನೆಗೆ ಮರಳುತ್ತಾರೆ, ನಿಜ. ಆದರೂ ಆರು ತಿಂಗಳು ಚಲಿಸುವ ಒಂದು ಊರನ್ನೇ ಸಾಕಿದ ಅನುಭವ ನಮ್ಮ ಹಳ್ಳಿಗಳಿಗಿದೆ. ನಾಲ್ಕು ಜನರ ಒಂದು ಗಾಡಿ ಯಾವ ಲೆಕ್ಕ?

ಸರಕಾರದಿಂದ ನಾನು ಅಪೇಕ್ಷಿಸುವುದು ಕೋಟಿಗಳ ಯೋಜನೆಯಲ್ಲ. ಕಾರವಾನ್ ಪಾರ್ಕ್ ಎಂದೊಡನೆ ಗುಡ್ಡ ಅಗೆದು ಸಪಾಟು ಮಾಡಿ, ಹುಲ್ಲುಹಾಸು ಹೊದೆಸಿ, ಗೇಟು ಹಾಕಿ ಟಿಕೇಟು ಹರಿಯುವುದೇ ನಮ್ಮ ಇಲಾಖೆಗಳ ಕಲ್ಪನೆ. ಪಂಚಾಯತುಗಳ ಬಳಿ ಸಂತೆಯ ಬಯಲುಗಳಿವೆ; ವಾರದಲ್ಲಿ ಆರು ದಿನ ಖಾಲಿ. ಅಲ್ಲಿ ಒಂದು ನಳ್ಳಿ, ಒಂದು ದೀಪ, ಶುಚಿಯಾದ ಶೌಚಾಲಯ, ಟ್ಯಾಂಕು ಬರಿದು ಮಾಡಲು ಒಂದು ಮುಚ್ಚಿದ ಗುಂಡಿ, ರಾತ್ರಿಗೆ ಇಷ್ಟು ಎಂದು ರಶೀದಿ ಕೊಡುವ ಒಬ್ಬ ಮನುಷ್ಯ ಸಾಕು. ರಶೀದಿ ಇದ್ದರೆ ಟಾರ್ಚಿನವರೂ ಸುಮ್ಮನೆ ಹೋಗುತ್ತಾರೆ. ಗಾಡಿಯವರು ಬೆಳಗ್ಗಿನ ಹಾಲು, ಮಲ್ಲಿಗೆ, ಮೀನು, ಬನ್ಸ್ ಎಲ್ಲವನ್ನೂ ಆ ಪೇಟೆಯಲ್ಲೇ ಕೊಳ್ಳುತ್ತಾರೆ. ಮತ್ತೊಂದು ಬೇಡಿಕೆ ಹೆದ್ದಾರಿ ಪ್ರಾಧಿಕಾರಕ್ಕೆ. ಮೇಲ್ಸೇತುವೆ ಏರುವ ಅರ್ಧ ಕಿ.ಮೀ. ಮೊದಲು, ಮುಂದಿನ ದೊಡ್ಡ ನಗರ ಎಷ್ಟು ದೂರ ಎಂಬುದರ ಜತೆಗೆ, ಕೆಳಗಿನ ಊರಿನಲ್ಲಿ ಏನಿದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ನಿಲ್ಲಿಸಲಿ. 'ಎಡಕ್ಕೆ ಇಳಿದರೆ ಕೆ.ಟಿ.' ಎಂದರೆ ಸಾಕು.

ಇದಕ್ಕೊಂದು ಅಪಾಯವಿದೆ, ಅದನ್ನು ಮುಚ್ಚಿಡಲಾರೆ. ಹೆಸರಾದ ತೀರಗಳಲ್ಲಿ ವಾರಾಂತ್ಯದ ಬಾಟಲಿ ರಾಶಿಯನ್ನು ನಾವು ನೋಡುತ್ತಿದ್ದೇವೆ. ನಾಳೆ ಬಸದಿಯ ಜಿರಾಫೆಯ ಮುಂದೆ ಸೆಲ್ಫಿಯ ಸರದಿ ನಿಂತರೆ ಅದಕ್ಕೆ ಈ ಲೇಖನವೂ ಕಾರಣವಾಗಬಾರದು. ಆದರೆ ಕಾರವಾನಿನವನು ಸಾಮಾನ್ಯವಾಗಿ ಆತುರದ ಮನುಷ್ಯನಲ್ಲ. ಆತುರವಿದ್ದರೆ ವಿಮಾನದಲ್ಲಿ ಬಜಪೆಗೆ ಬಂದಿಳಿಯುತ್ತಿದ್ದ.

ಕೊನೆಯ ದಿನ ತಲಪಾಡಿಯ ಗಡಿ ದಾಟಿ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಂಗಳ 'ಗಿಳಿವಿಂಡು' ನೋಡಿ, ಪಾರ್ತಿಸುಬ್ಬನ ಕುಂಬಳೆಯ ಬಳಿಯ ಅನಂತಪುರಕ್ಕೆ ಹೋದೆವು. ಕೆಂಪು ಮುರಕಲ್ಲಿನ ಬಯಲಿನ ನಡುವೆ ಕೆರೆ, ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ಈ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆಯಿತ್ತು. ನೈವೇದ್ಯದ ಅನ್ನ ತಿಂದು ಯಾರಿಗೂ ತೊಂದರೆ ಕೊಡದೆ ದಶಕಗಳ ಕಾಲ ಬಾಳಿತೆಂದು ಭಕ್ತರ ನಂಬಿಕೆ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಅಂತಿಮ ದರ್ಶನ ಪಡೆದರು; ದೇವಸ್ಥಾನದ ಆವರಣದಲ್ಲೇ ಸಮಾಧಿಯಾಯಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಎಲ್ಲಿಂದ ಬಂತು, ಯಾವಾಗ ಬಂತು ಎಂಬುದಕ್ಕೆ ಊರಿನಲ್ಲಿ ತಲೆಗೊಂದು ಕಥೆ.

ಪುಟ್ಟಿ ಕಟ್ಟೆಯ ಮೇಲೆ ಎರಡು ಗಂಟೆ ಕುಳಿತಳು. ನೀರು ಅಲುಗಲಿಲ್ಲ. ಅಲ್ಲಿದ್ದ ಹಿರಿಯರೊಬ್ಬರನ್ನು ಅವಳೇ ಹೋಗಿ ಕೇಳಿದಳು, "ಅಜ್ಜ, ಅದು ಯಾವಾಗ ಬರ್ತದೆ?" ಅವರು ಕಾಸರಗೋಡಿನ ಕನ್ನಡದಲ್ಲಿ, "ಅದರ ಮನಸ್ಸು ಮಗೂ. ನಿನಗೆ ಅರ್ಜೆಂಟು ಉಂಟಾ?" ಎಂದರು. ಅವಳು ತನ್ನ ಅಪ್ಪನ ಮುಖ ನೋಡಿದಳು. ಮರುದಿನ ಸಂಜೆಯೊಳಗೆ ಗಾಡಿಯನ್ನು ಬೆಂಗಳೂರಿನಲ್ಲಿ ಒಪ್ಪಿಸಬೇಕಾಗಿತ್ತು. ಆತ ಫೋನು ತೆಗೆದು, ಇನ್ನೊಂದು ದಿನದ ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸತೊಡಗಿದ.